ಕಂಬಳಿಯೊಳಗೆ ಕಲ್ಲುಸಕ್ಕರೆ

ಗೋಕಾಕ, ೧೬ ಜನವರಿ ೧೯೩೬, ಗುರುವಾರ

ಸಂಕ್ರಾಂತಿ ಮುಗಿಯಿತು. ಕುಸುರೆಳ್ಳು ಮಾಡಿ ಮಾಡಿ ಬೆರಳ ತುದಿಯ ಚರ್ಮ ಸುಲಿದಿದೆ, ಲೇಖಣಿಕೆ ಹಿಡಿದರೆ ಉರಿಯುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಈ ವಹಿ ಪದ್ಮಿ ಕೊಡಿಸಿದ್ದು. "ನಾ ಗಂಡನ ಮನಿಗಿ ಹ್ವಾದ ಮ್ಯಾಲ ಯಾರ ಕೂಡ ಜಗಳಾ ಮಾಡ್ತಿ ಅವ್ವಾ? ಇದರ ಕೂಡ ಮಾಡು" ಅಂದಳು. ಹೋಗುವ ಮಾತಾಡುವಾಗ ಹುಡುಗಿಯ ಮುಖದಲ್ಲಿ ಎಂಥ ಕಳೆ! ನನಗೆ ಹೊಟ್ಟೆ ಉರಿಯಿತು. ಇರುವವಳು ಒಬ್ಬಳೇ ಮಗಳು. ಅವಳು ಹೋದ ಮೇಲೆ ಈ ಮನೆಯಲ್ಲಿ ನಾನು, ಇವರು, ಕುದಿಯುವ ಪಾಕ. ಇವರು ಅಂಗಡಿಯಲ್ಲಿ ಕೂತರೆ ಗಿರಾಕಿಗಳ ಕೂಡ ಮಾತ್ರ ಮಾತು. ಪಾಕವಾದರೂ ಗುಳುಗುಳು ಅನ್ನುತ್ತದೆ.

ವರ ಧರಣೇಂದ್ರ, ಹುಕ್ಕೇರಿಯ ಸಾಲೆಯಲ್ಲಿ ಮಾಸ್ತರ, ಮನೆ ಮೂಡಲಗಿ. ಹುಡುಗನ ಬಗ್ಗೆ ಯಾರದೂ ತಕರಾರಿಲ್ಲ. ಅವನ ತಾಯಿ ಜಿನ್ನವ್ವನ ಬಗ್ಗೆ ಮಾತ್ರ ಹೋದಲ್ಲೆಲ್ಲ ಒಂದೊಂದು ಮಾತು. ಹೊತ್ತು ಮುಳುಗಿದ ಮೇಲೆ ಉಣ್ಣದಿರುವುದು ನಮ್ಮ ಬಸದಿಯ ಎಲ್ಲ ಮನೆಗಳಲ್ಲೂ ಇದ್ದದ್ದೇ. ಆಕೆ ಅಡಿಗೆಮನೆಯಲ್ಲಿ ದೀಪವನ್ನೂ ಹಚ್ಚುವುದಿಲ್ಲವಂತೆ, ಹುಳ ಬಂದು ಬಿದ್ದು ಸಾಯುತ್ತವೆ ಅಂತ. ನಸುಕಿನ ಕೆಲಸವೆಲ್ಲ ಕತ್ತಲಲ್ಲೇ, ಕೈಯಿಂದ ತಡವಿಕೊಂಡು. ಅಂಥ ಮನೆಗೆ ನನ್ನ ಪದ್ಮಿ! ಹಾಡುಹಗಲೇ ಹೊಸ್ತಿಲು ಎಡವುವವಳು.

ಫೆಬ್ರುವರಿ ಎರಡಕ್ಕೆ ಸಕ್ಕರೆಪುಡಾ. ಗಂಡಿನ ಕಡೆಯವರು ಹುಡುಗಿಯ ಉಡಿಯಲ್ಲಿ ಸಕ್ಕರೆಯ ಪೊಟ್ಟಣ ಇಟ್ಟರೆ ಮದುವೆ ನಿಶ್ಚಯವಾದಂತೆ. ನಮ್ಮದೋ ತಲೆತಲಾಂತರದಿಂದ ಕಲ್ಲುಸಕ್ಕರೆ, ಬತ್ತಾಸು ಮಾಡುವ ಮನೆ. ಸಂಕ್ರಾಂತಿ ಎಳ್ಳಿನ ಜೊತೆ ಒಂದು ಗಂಟು ಕಲ್ಲುಸಕ್ಕರೆ ನಾನೇ ಆರಿಸಿ ಮೂಡಲಗಿಗೆ ಕಳಿಸಿದ್ದೇನೆ. ಒಂದೊಂದು ಹರಳೂ ಕನ್ನಡಿಯ ಹಾಗಿದೆ. ನೋಡಲಿ ಆಕೆ.

೨೧ ಜನವರಿ, ಮಂಗಳವಾರ

ಕಲ್ಲುಸಕ್ಕರೆ ವಾಪಸು ಬಂತು!

ಮೂಡಲಗಿಯ ಗಾಡಿ ಹೊಡೆಯುವ ಲಕ್ಕಪ್ಪ ಗಂಟನ್ನು ಕಟ್ಟೆಯ ಮೇಲಿಟ್ಟು ದೂರ ಸರಿದು ನಿಂತ. "ನನಗ ಬೈಬ್ಯಾಡ್ರಿ ಅವ್ವಾರ, ನಾ ಬರೇ ಹೇಳಾವ" ಅಂದ. "ನಸುಕಿನ್ಯಾಗ ಜಿನ್ನವ್ವಾರು ನಿಮ್ಮ ಸಕ್ಕರಿ ಕುಟ್ಟಾಕತ್ತಿದ್ರಂತ. ಗುಂಡಕಲ್ಲ ಬಿದ್ದಾಗೊಮ್ಮೆ ಸಕ್ಕರ್ಯಾಗ ನೀಲಿ ಬೆಳಕ ಮಿಣಕ್ ಅಂತಂತ. ಇದರಾಗ ಜೀವ ಐತಿ ಅಂದ್ರು. ಸೀದಾ ಬಸದಿಗಿ ಹೋಗಿ ನೇಮ ತಗೊಂಡಾರ. ಜೀವ ಇಲ್ಲ ಅಂತ ಖಾತ್ರಿ ಆಗೂತನಕ ಸಕ್ಕರಿ ಮುಟ್ಟೂದಿಲ್ಲ, ಮನ್ಯಾಗ ಇಡೂದಿಲ್ಲ ಅಂತ. ಸಕ್ಕರಿಪುಡಾಕ್ಕ ಬೆಲ್ಲ ತರ್ತಾರಂತ."

ಬೆಲ್ಲ! ಕಲ್ಲುಸಕ್ಕರೆ ಮನೆಯ ಮಗಳ ಉಡಿಗೆ ಬೆಲ್ಲದ ಹೆಂಟೆ! ಗೋಕಾಕ ಪೇಟೆಯಲ್ಲಿ ನಾವು ತಲೆ ಎತ್ತಿ ನಡೆಯುವುದು ಹೇಗೆ? ಹಾಲು ಹಾಕಿ ಮಡ್ಡಿ ತೆಗೆದು, ಮೂರು ಮಡಿಕೆ ಬಟ್ಟೆಯಲ್ಲಿ ಸೋಸುವ ನನ್ನ ಪಾಕದಲ್ಲಿ ಆಕೆಗೆ ಹುಳ ಕಂಡಿತು. ಮೈಯೆಲ್ಲ ಉರಿದುಹೋಯಿತು. "ಸಕ್ಕರಿ ಇಲ್ಲಂದ್ರ ಸಕ್ಕರಿಪುಡಾನೂ ಇಲ್ಲ ಅಂತ ಹೇಳು ನಿಮ್ಮವ್ವಾರಿಗಿ" ಅಂದುಬಿಟ್ಟೆ.

ಇವರು ಬಾಗಿಲಲ್ಲಿ ನಿಂತು, "ಬೆಲ್ಲಾನೂ ಸಿಹಿನ ಅಲ್ಲೇನ?" ಅಂದರು. ನಾನು ಹೊರಳಿ ನೋಡಿದೆ. ಅಂಗಡಿಗೆ ಹೋದರು.

೨೩ ಜನವರಿ

ಪದ್ಮಿ ಮಾತು ಬಿಟ್ಟಿದ್ದಾಳೆ. ಊಟ ಬಿಟ್ಟಿಲ್ಲ, ಪುಣ್ಯ. ಎದುರಿಗೆ ಕೂತು ಮೂರು ರೊಟ್ಟಿ ತಿಂದಳು, ಒಂದು ಮಾತಿಲ್ಲ. ಜಗಳವಾದರೂ ಆಡಬಾರದೇ?

೨೪ ಜನವರಿ, ಶುಕ್ರವಾರ

ಕಂಡೆ. ಖರೇನೇ.

ಮೂಡಲಗಿಯವಳ ಮಾತು ಸುಳ್ಳು ಅಂತ ತೋರಿಸಲೇಬೇಕೆಂದು ಮಧ್ಯಾಹ್ನ ಸಾಮಾನಿನ ಕೋಣೆ ಹೊಕ್ಕು ಅಗಳಿ ಹಾಕಿದೆ. ಆ ಕೋಣೆಗೆ ಕಿಟಕಿಯಿಲ್ಲ. ಬಾಗಿಲ ಸಂದಿಗೆ ಚೀಲ ತುರುಕಿ, ಕಣ್ಣು ಕತ್ತಲಿಗೆ ಹೊಂದುವವರೆಗೆ ಕೂತು, ಅಡಕತ್ತಿನಲ್ಲಿ ಒಂದು ಹರಳು ಇಟ್ಟು ಒತ್ತಿದೆ. ಕಟ್ ಅಂತು. ಅದರ ಜೊತೆಗೇ ಒಂದು ನೀಲಿ ಬೆಳಕು, ಬೆಳದಿಂಗಳಿನ ಚೂರೊಂದು ಸಿಡಿದ ಹಾಗೆ, ಬಂತು, ಹೋಯಿತು.

ಇನ್ನೊಂದು ಒಡೆದೆ, ಮತ್ತೂ ಒಂದು. ದೇವರೇ, ಎಷ್ಟು ಚಂದ! ಇಷ್ಟು ವರ್ಷ ಈ ಕೈಯಿಂದ ಮಣಗಟ್ಟಲೆ ಒಡೆದಿದ್ದೇನೆ, ಎಲ್ಲ ಹಗಲು ಬೆಳಕಿನಲ್ಲಿ, ಒಮ್ಮೆಯೂ ಕಂಡಿರಲಿಲ್ಲ. ಒಂದು ಬುಟ್ಟಿ ಸಕ್ಕರೆ ಪುಡಿ ಮಾಡಿದ ಮೇಲೇ ಎಚ್ಚರಾಯಿತು. ಇವರನ್ನು ಕರೆದು ತೋರಿಸಿದೆ. "ಅಬಬಬಾ" ಅಂದರು, ಅವರ ಮಟ್ಟಿಗೆ ಅದು ಭಾಷಣ. ಪದ್ಮಿಯೂ ಕತ್ತಲಲ್ಲಿ ಬಂದು ನನ್ನ ಬೆನ್ನಿಗೆ ಗದ್ದ ಊರಿ ನಿಂತಳು. "ಅವ್ವಾ, ಅತ್ತಿ ಹೇಳಿದ್ದು ಖರೆ ಐತಲ್ಲ" ಅಂದಳು. "ಅತ್ತಿ" ಯಾರು ಅಂತ ಕೇಳಿದರೆ ನಕ್ಕಳು. ಮಾತು ಬಂತು ಹುಡುಗಿಗೆ.

ಆದರೆ ಈಗ ಹೆದರಿಕೆ ಶುರುವಾಗಿದೆ. ಖರೇ ಜೀವವೇ ಇದ್ದರೆ? ನಮ್ಮ ಮನೆತನವೇ ಇಷ್ಟು ದಿನ ಮಾಡಿದ್ದೇನು?

೨೮ ಜನವರಿ, ಮಂಗಳವಾರ

ಧರಣೇಂದ್ರ ಮಾಸ್ತರರು ಹುಕ್ಕೇರಿಯಿಂದ ಮೂಡಲಗಿಗೆ ಹೋಗುತ್ತ ಇಲ್ಲಿ ಇಳಿದರು. ಮುಖ ಸಣ್ಣದಾಗಿತ್ತು. "ಹುಳಾನೂ ಅಲ್ರಿ, ಭೂತಾನೂ ಅಲ್ರಿ. ಹರಳು ಸೀಳಿದಾಗ ಆ ಸೀಳಿನ್ಯಾಗ ಸಣ್ಣ ಮಿಂಚು ಹುಟ್ಟತೈತಿ. ಅಲ್ಲಿನ ಗಾಳಿ ಬೆಳಗತೈತಿ ಅಷ್ಟ. ಹೊಳಿಯಾಗಿನ ಬೆಣಚುಕಲ್ಲು ತಿಕ್ಕಿದ್ರೂ ಹಿಂಗ ಬೆಳಗತಾವು" ಅಂದರು.

"ಇದನ್ನ ನಿಮ್ಮವ್ವಾರಿಗಿ ಹೇಳ್ರಲ್ಲ ಮತ್ತ."

"ರವಿವಾರ ಊರಿಗಿ ಹ್ವಾದಾಗ ಹೇಳಿದ್ನಿರಿ. ಕೆಲಸ ಕೆಟ್ಟತು. ಮಿಂಚಿಗೂ ಜೀವ ಐತಿ, ಅದು ಬೆಂಕಿಯ ಜೀವ ಅಂತ ಶಾಸ್ತ್ರ ಹೇಳತೈತಿ ಅಂದ್ಳು. ಮೊದಲ ಒಂದ ಜೀವದ ಚಿಂತಿ ಇತ್ತು, ಈಗ ಎರಡು."

ನಗಬಾರದಿತ್ತು, ನಕ್ಕೆ. ಪದ್ಮಿ ನೀರು ತಂದುಕೊಡುವ ನೆವದಲ್ಲಿ ಮೂರು ಸಲ ಬಂದಳು. ಆ ಮನುಷ್ಯ ಮೂರು ಸಲವೂ ಕುಡಿದ. ಇವರಿಬ್ಬರ ಮದುವೆಗೆ ಎರವಾಗುವವಳು ನಾನೇ ಆಗಬೇಕೇ?

ಯೋಚನೆ ಮಾಡಿ ಹೇಳಿ ಕಳಿಸಿದೆ: ಬರಲಿ ನಿಮ್ಮ ಅವ್ವ, ನಮ್ಮ ಒಲೆಯ ಮುಂದೆ ಕೂಡಲಿ. ತನ್ನ ಬಟ್ಟೆಯಲ್ಲಿ ತಾನೇ ಸೋಸಲಿ. ಹುಳ ಇದ್ದರೆ ಬಟ್ಟೆಯಲ್ಲಿ ಸಿಗಲಿ.

೩ ಫೆಬ್ರುವರಿ, ಸೋಮವಾರ

ನಿನ್ನೆ ಆಗಬೇಕಿದ್ದ ಸಕ್ಕರೆಪುಡಾ ಮುಂದೆ ಹೋಯಿತು. ಇವತ್ತು ಬಂದಳು ಮಹಾರಾಯ್ತಿ ಜಿನ್ನವ್ವ. ತನ್ನ ಕೊಡ, ತನ್ನ ಹಗ್ಗ, ತನ್ನ ಸೋಸುವ ಬಟ್ಟೆ. ನಾನು ಸೋಸಿಟ್ಟ ನೀರನ್ನು ಮತ್ತೊಮ್ಮೆ ಸೋಸಿದಳು. ಬಟ್ಟೆಯಲ್ಲಿ ಉಳಿದದ್ದನ್ನು ಬಾವಿಗೇ ಹೋಗಿ ಮೆಲ್ಲಗೆ ಬಿಟ್ಟು ಬಂದಳು. "ತಪ್ಪ ತಿಳಕೋಬ್ಯಾಡ್ರಿ ಕಮಲವ್ವಾರ" ಅಂದಳು. ತಪ್ಪು ತಿಳಿಯದೆ ಇನ್ನೇನು ತಿಳಿಯಲಿ? ಹಲ್ಲು ಕಚ್ಚಿಕೊಂಡು "ಇಲ್ರಿ, ಇಲ್ರಿ" ಅಂದೆ.

೪ ಫೆಬ್ರುವರಿ, ಮಂಗಳವಾರ

ಪಾಕ ಇಟ್ಟೆವು. ಮುಟ್ಟುವುದಿಲ್ಲ ಅನ್ನುವ ನೇಮವಾದ್ದರಿಂದ ಬಟ್ಟೆಯ ಎರಡು ಮೂಲೆ ಮಾತ್ರ ಹಿಡಿದು ಕೂತಳು, ಹೊಯ್ಯುವವಳು ನಾನು. ಬಿಸಿ ಹಬೆ ಕೈಗೆ ಬಡಿಯುತ್ತಿತ್ತು, ಬಿಡಲಿಲ್ಲ. ಸೋಸಿಯಾದ ಮೇಲೆ ಬಟ್ಟೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಏನೂ ಇರಲಿಲ್ಲ. "ಹಾಲಿನ ಹಂಗ ಐತಿ ನಿಮ್ಮ ಕೆಲಸ" ಅಂದಳು. ಹೆಂಗಸು ಕೆಲಸಗಳ್ಳಿಯಲ್ಲ, ಅಷ್ಟು ಬರೆಯಲೇಬೇಕು.

ನೂಲು ಕಟ್ಟಿದ ಪಾತೇಲಿಗೆ ಪಾಕ ಸುರಿದು ಮೇಲೆ ಅರಿವೆ ಕಟ್ಟಿದೆವು. ಇನ್ನು ಅದು ಅಲುಗಬಾರದು, ಅಲುಗಿದರೆ ಹರಳು ಸಣ್ಣಗಾಗುತ್ತದೆ. ಹತ್ತು ದಿನವಾದರೂ ಹಿಡಿಯುತ್ತದೆ ಅಂದೆ. "ಕೂಡ್ತೇನಿ" ಅಂದಳು.

೮ ಫೆಬ್ರುವರಿ, ಶನಿವಾರ

ಜಿನ್ನವ್ವಾರು ಪಾತೇಲಿಗೆ ಕಾವಲು. ಇವರು ಬಟ್ಟಲು ಜೋರಾಗಿ ಇಟ್ಟರೂ "ಶ್ಶ್!" ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇವರಿಗೆ ಸುಮ್ಮನಿರು ಅಂದವರು ಜಿನ್ನವ್ವಾರೇ ಮೊದಲಿಗರು! ಇವರು ಬೆರಗಾಗಿ ನನ್ನ ಮುಖ ನೋಡಿದರು.

ಇವತ್ತು ಹೋಳಿ ಹಬ್ಬಕ್ಕೆ ಬತ್ತಾಸಿನ ಸರ ಪೋಣಿಸುವಾಗ ಎದುರಿಗೆ ಕೂತು ಕಥೆ ಹೇಳಿದರು. ಹೊಸದಾಗಿ ಗಂಡನ ಮನೆಗೆ ಬಂದಾಗ ನಸುಕಿನ ಕತ್ತಲಲ್ಲಿ ಕೈ ತಪ್ಪಿ ಹಾಲಿಗೆ ಉಪ್ಪು ಹಾಕಿಬಿಟ್ಟರಂತೆ. ಹೊತ್ತು ಹುಟ್ಟಿದ ಮೇಲೆ ಮಾವ ಅದನ್ನು ಪೂರ್ತಿ ಕುಡಿದು, ಬಟ್ಟಲನ್ನು ತಾನೇ ತೊಳೆದಿಟ್ಟು, ಒಂದು ಮಾತೂ ಆಡದೆ ಹೊಲಕ್ಕೆ ಹೋದನಂತೆ. "ಮರದಿನದಿಂದ ನಾ ಹಾಲ ಇಡೂಕಿಂತ ಮೊದಲ ಎದ್ದು ಹೋಗಿರ್ತಿದ್ದ!" ನಾನೂ ಪದ್ಮಿಯೂ ಬಿದ್ದು ಬಿದ್ದು ನಕ್ಕೆವು, ಸರದ ದಾರವೇ ಗಂಟಾಯಿತು.

ಆಮೇಲೆ ಪದ್ಮಿಯ ತಲೆ ಸವರಿ, "ನೀ ಅಂಜಬ್ಯಾಡ ಕೂಸ. ಗಾಜಿನ ಕಂದೀಲು ತರಸ್ತೇನಿ. ಗಾಜಿದ್ರ ಹುಳ ಒಳಗ ಬೀಳೂದಿಲ್ಲ" ಅಂದರು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಪದ್ಮಿ ಎಡವುವುದನ್ನು ತಾವೇ ನೋಡಿದ್ದಾರೆ.

೧೩ ಫೆಬ್ರುವರಿ, ಗುರುವಾರ

ಹರಳು ಕಟ್ಟಿತು, ಹೆಬ್ಬೆರಳು ಗಾತ್ರದವು. ಸಾಮಾನಿನ ಕೋಣೆಯ ತುಂಬ ಈಗ ಹೋಳಿಯ ಸರಗಳು, ಕಾಲಿಡಲು ಜಾಗವಿಲ್ಲ. ಹಾಗಾಗಿ ಪಡಸಾಲೆಯಲ್ಲೇ ಕರಿ ಕಂಬಳಿ ಹೊದ್ದು ಇಬ್ಬರೂ ಒಳಗೆ ಕೂತೆವು. ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಕುರಿಯ ವಾಸನೆ, ಸೆಕೆ, ಜಿನ್ನಕ್ಕನ ಉಸಿರು.

ಅಡಕತ್ತು ಒತ್ತಿದೆ. ಬೆಳಗಿತು.

"ಕಂಡಿಲ್ಲ? ಅದಾವ" ಅಂದಳು ಜಿನ್ನಕ್ಕ. ದನಿ ಸಣ್ಣಗಾಗಿತ್ತು. ಅವಳಿಗೂ ಬೆಳಕು ಬಾರದಿರಲಿ ಅನ್ನುವ ಆಸೆಯೇ ಇತ್ತು, ದನಿಯಲ್ಲೇ ಗೊತ್ತಾಯಿತು. ಚೂರುಗಳನ್ನು ಒರಳಲ್ಲಿ ಹಾಕಿ ಹಿಟ್ಟು ಮಾಡಿ ಮತ್ತೆ ಕಂಬಳಿಯೊಳಗೆ ತಂದು ತಿಕ್ಕಿದೆ. ಏನೂ ಬೆಳಗಲಿಲ್ಲ.

"ಸತ್ತವು" ಅಂದಳು. ಕಂಬಳಿ ಸರಿಸಿದರೆ ಅವಳ ಕಣ್ಣಲ್ಲಿ ನೀರು. ಸಕ್ಕರೆ ಹಿಟ್ಟಿಗಾಗಿ ಅಳುವವರನ್ನು ನಾನು ನೋಡಿದ್ದು ಇದೇ ಮೊದಲು. ನಗು ಬರಲಿಲ್ಲ. ಇಂಥ ಮನಸ್ಸಿನವಳನ್ನು ಪೇಟೆಯ ಜನ ಏನೇನೋ ಅನ್ನುತ್ತಾರಲ್ಲ ಅಂತ ಸಿಟ್ಟು ಬಂತು.

ಆಗ ನನಗೆ ಹೊಳೆಯಿತು. ಇದೇ ಹಿಟ್ಟನ್ನು ನೀರಿಗೆ ಹಾಕಿ ಕರಗಿಸಿ, ಕುದಿಸಿ, ಸೋಸಿ ಮತ್ತೆ ಕಟ್ಟಿಸಿದರೆ? ಸತ್ತ ಹುಳ ತಿರುಗಿ ಎದ್ದು ಬರುವುದಿಲ್ಲ. ಈ ಸಲ ಕತ್ತಲಾದರೆ ಅವಳು ಗೆದ್ದಳು. ಸಕ್ಕರೆಪುಡಾಕ್ಕೆ ಬೆಲ್ಲ ತರಲಿ, ಉಡಿಗೆ ನಾನೇ ಹಾಕುತ್ತೇನೆ. ಬೆಳಗಿದರೆ ನಾನು ಗೆದ್ದೆ. ಜಿನ್ನಕ್ಕ ಒಪ್ಪಿದಳು. ಸಂಜೆಯೊಳಗೆ ಪಾಕ ಇಟ್ಟೆವು. ಅವಳ ಮನೆಯಲ್ಲಿ ಜೋಳದ ರಾಶಿ, ನಾಳೆ ಊರಿಗೆ ಹೋಗಿ ಒಂದು ವಾರಕ್ಕೆ ಬರುತ್ತಾಳೆ.

೧೭ ಫೆಬ್ರುವರಿ

ಮನೆ ಬಿಕೋ ಅನ್ನುತ್ತದೆ. ಪದ್ಮಿ ಹಿಂದೆ ಮುಂದೆ ಓಡಾಡಿಕೊಂಡು ಏನೇನೋ ಹೇಳುತ್ತಿದ್ದಳು, ಕೇಳಿಸಿಕೊಳ್ಳಲಿಲ್ಲ. ಮೂಡಲಗಿ ದಾರಿಯ ಅರಭಾವಿಯ ಕಡೆಯಿಂದ ಗಾಡಿಯ ಸಪ್ಪಳ ಬಂದರೆ ಎದ್ದು ಹೋಗಿ ನೋಡುತ್ತೇನೆ. ಪಾತೇಲಿಯನ್ನು ನಾನೇ ಕಾಯುತ್ತಿದ್ದೇನೆ. ಇವರು ಬಟ್ಟಲು ಕುಕ್ಕಿದರು. "ಶ್ಶ್!" ಅಂದೆ.

೨೨ ಫೆಬ್ರುವರಿ, ಶನಿವಾರ

ಗಾಡಿ ಇಳಿದವಳೇ ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ "ಕಟ್ಟೇತೇನ?" ಅಂದಳು. ಕಟ್ಟಿತ್ತು.

ಕಂಬಳಿ ಹೊದ್ದೆವು. ನನ್ನ ಕೈ ಬೆವೆತು ಅಡಕತ್ತು ಜಾರುತ್ತಿತ್ತು. ಹೊರಗೆ ಪದ್ಮಿ ನಿಂತಿದ್ದು ನನಗೆ ಗೊತ್ತು. ಮಗಳ ಇಡೀ ಬಾಳುವೆ ಆ ಅಡಕತ್ತಿನ ಬಾಯಲ್ಲಿತ್ತು. ಒತ್ತಿದೆ.

ಬೆಳಗಿತು! ಮೊದಲಿಗಿಂತ ಜೋರಾಗಿ ಬೆಳಗಿತು!

"ನೋಡು ಜಿನ್ನಕ್ಕ" ಅಂದೆ. "ಹುಳ ಆಗಿದ್ರ ಕುಟ್ಟಿದಾಗ ಸಾಯಬೇಕಿತ್ತು. ಆಗ ಉಳಿದ್ರ ಕುದಿಸಿದಾಗ. ಆಗೂ ಉಳಿದ್ರ ನಿನ್ನ ಬಟ್ಟ್ಯಾಗ ಸಿಗಬೇಕಿತ್ತು."

"ಜೀವಕ್ಕ ಸಾವೆಲ್ಲಿ? ಒಂದು ದೇಹ ಬಿಟ್ಟು ಇನ್ನೊಂದು ತಗೊಂತೈತಿ."

"ಪ್ರತಿ ಸಲಾನೂ ನಮ್ಮ ಪಾತೇಲ್ಯಾಗನ ಹುಟ್ಟಿ ಬರಾಕ ಅದಕ್ಕ ಬ್ಯಾರೆ ಊರ ಸಿಗಲಿಲ್ಲೇನು?"

ಕತ್ತಲಲ್ಲಿ ಕಿಸಕ್ಕನೆ ನಕ್ಕಳು. ಆದರೂ ಬೆಂಕಿಯ ಜೀವದ ಮಾತು ಬಿಡಲಿಲ್ಲ. ಅರಳೆ ತರಿಸಿದಳು. ಹರಳಿನ ಸುತ್ತ ಅರಳೆ ಸುತ್ತಿ ಒಡೆದೆ, ಬಿಸಿಲಿಗೆ ತಂದು ನೋಡಿದೆವು, ಎಳ್ಳಷ್ಟೂ ಕಂದಿರಲಿಲ್ಲ. ಕೊನೆಗೆ ಮತ್ತೆ ಕಂಬಳಿಯೊಳಗೆ ಹೊಕ್ಕು ನಾನು ಹರಳನ್ನು ದವಡೆಗೆ ಇಟ್ಟು, ಬಾಯಿ ತೆರೆದುಕೊಂಡೇ ಕಡಿದೆ.

"ಅಯ್ಯಯ್ಯ! ನಿನ್ನ ಹಲ್ಲ ಬೆಳಗಿದ್ವು!" ಅಂತ ಚೀರಿದಳು. "ಸುಡತೇನ?"

"ತಣ್ಣಗೈತಿ. ಸಿಹಿ ಐತಿ."

ಆಮೇಲೆ ಇನ್ನೂ ಎರಡು ಹರಳು ನನ್ನ ಕೈಯಿಂದ ಒಡೆಸಿ ನೋಡಿದಳು. ಸೆಕೆಗೆ ನಾನು ಬೆಂದುಹೋದೆ, ಆದರೂ ಕಂಬಳಿ ಸರಿಸಲಿಲ್ಲ. "ಒಡೆಯೂ ಮೊದಲ ಇಲ್ಲ, ಒಡೆದ ಮ್ಯಾಲೂ ಇಲ್ಲ" ಅಂದಳು ನಿಧಾನಕ್ಕೆ. "ಒಡೆಯೂ ಹೊತ್ತಿನ್ಯಾಗ ಹುಟ್ಟಿ ಹೋಗೂ ಬೆಳಕ ಅದು. ಸಕ್ಕರ್ಯಾಗ ಇರೂದು ಬರೇ ಸಕ್ಕರಿ. ಖಾತ್ರಿ ಆತು ನನಗ. ತಾ, ನಾನೂ ಕಡೀತೇನಿ."

ತಕ್ಷಣ ಇನ್ನೊಂದು ತೊಡಕು. ಕತ್ತಲಲ್ಲಿ ತಿನ್ನಬಾರದು. ಹೊರಗೆ ಹಗಲು, ಕಂಬಳಿಯೊಳಗೆ ಕತ್ತಲು. ಇದನ್ನು ರಾತ್ರಿ ಅನ್ನಬೇಕೋ ಹಗಲು ಅನ್ನಬೇಕೋ? ಜಿನ್ನಕ್ಕನೇ ತೀರ್ಪು ಕೊಟ್ಟಳು: ಕಡಿಯುವುದು ಒಳಗೆ, ನುಂಗುವುದು ಹೊರಗೆ ಬಂದ ಮೇಲೆ. ಕಟ್ ಅಂತ ಕಡಿದಳು. ಅವಳ ಇದ್ದ ನಾಲ್ಕು ಹಲ್ಲಿನ ನಡುವೆ ನೀಲಿ ಬೆಳಕು ಮಿಂಚಿತು. ನನಗೆ ನಗು ತಡೆಯಲಾಗಲಿಲ್ಲ, ನನ್ನ ನಗು ಕೇಳಿ ಅವಳಿಗೂ ತಡೆಯಲಾಗಲಿಲ್ಲ, ನಗುತ್ತ ನಗುತ್ತ ಗುಟುಕ್ ಅಂತ ನುಂಗಿಬಿಟ್ಟಳು.

"ನುಂಗಿದ್ನಲ್ಲ! ನಾಳೆ ಉಪವಾಸ! ನೀ ನಗಿಸಿದಿ, ನೀನೂ ಮಾಡು."

ಕಂಬಳಿ ತಾನಾಗಿಯೇ ಜಾರಿ ಬಿತ್ತು. ಪಡಸಾಲೆಯಲ್ಲಿ ಪದ್ಮಿ ನಿಂತಿದ್ದಳು, ಇವರು ನಿಂತಿದ್ದರು, ಬತ್ತಾಸು ಕೊಳ್ಳಲು ಬಂದ ಗಿರಾಕಿಗಳೂ ನಿಂತಿದ್ದರು. ನಾವಿಬ್ಬರು ಬೀಗಿತ್ತಿಯರು ಕೂದಲು ಕೆದರಿಕೊಂಡು, ಬೆವರಿನಲ್ಲಿ ತೊಯ್ದು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

೨೩ ಫೆಬ್ರುವರಿ

ಉಪವಾಸ. ಇಬ್ಬರೂ. ದಿನವೆಲ್ಲ ಹರಟಿದೆವು, ಹಸಿವು ಗೊತ್ತಾಗಲಿಲ್ಲ.

೫ ಮಾರ್ಚ್, ಗುರುವಾರ

ಸಕ್ಕರೆಪುಡಾ ಆಯಿತು. ಕೈಕಾಲು ಸೋತಿವೆ, ಆದರೆ ಬರೆಯದೆ ಮಲಗಲಾರೆ.

ಮೂಡಲಗಿಯಿಂದ ಗಾಡಿಗಟ್ಟಲೆ ಜನ. ಜಿನ್ನವ್ವ ನೇಮ ಹಿಡಿದ ಸುದ್ದಿ ಅಲ್ಲಿಯ ಮನೆಮನೆಗೂ ಗೊತ್ತು. ಉಡಿಯಲ್ಲಿ ಏನು ಬೀಳುತ್ತದೆ ಅಂತ ನೋಡಲಿಕ್ಕೇ ಅರ್ಧ ಜನ ಬಂದಿದ್ದರು. ಪದ್ಮಿ ಮಣೆಯ ಮೇಲೆ ಕೂತಳು. ಜಿನ್ನಕ್ಕ ಕುಂಕುಮ ಹಚ್ಚಿ, ಸೀರೆ ಕೊಟ್ಟು, ಸೊಂಟದಿಂದ ಪೊಟ್ಟಣ ತೆಗೆದು ಬಿಚ್ಚಿ ಉಡಿಯಲ್ಲಿಟ್ಟಳು.

ಏನದು! ಇದ್ದಿಲಿನ ಬಣ್ಣದ ಒಂದು ಮುದ್ದೆ, ಒಂದು ಕಡೆ ಅಂಟು, ಒಂದು ಕಡೆ ಸುಟ್ಟದ್ದು, ನಡುವೆ ನೂಲು ಜೋತು ಬಿದ್ದಿದೆ. "ಇದೇನ ಇದು, ಕಲ್ಲ?" ಅಂದಳು ಹಿಂದಿನಿಂದ ಯಾರೋ.

ಜಿನ್ನಕ್ಕ ಎದ್ದು ನಿಂತಳು. "ಕಲ್ಲುಸಕ್ಕರಿ. ನಮ್ಮ ಮನ್ಯಾಗ ನಾನ ಮಾಡೀನಿ. ಇದರಾಗ ಜೀವ ಐತಿ ಅಂತ ಊರತುಂಬ ಹೇಳಿದಾಕಿನೂ ನಾನ. ಇಲ್ಲ, ನಾ ತಪ್ಪ ತಿಳಕೊಂಡಿದ್ನಿ ಅಂತ ನಿಮ್ಮೆಲ್ಲಾರ ಮುಂದ ಹೇಳಾಕಿನೂ ನಾನ." ಅಷ್ಟು ಹೇಳಿ ನನ್ನ ಕಡೆ ತಿರುಗಿದಳು. "ಹೆಂಗಾಗೇತಿ, ಕಮಲಾ?"

ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಆ ಮುದ್ದೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಸುಳ್ಳು ಹೇಳಬಹುದಿತ್ತು. ಅವಳ ಮುಂದೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಭಾಳ ಕೆಟ್ಟ ಆಗೇತಿ ಜಿನ್ನಕ್ಕ" ಅಂದೆ. "ಉರಿ ಎಷ್ಟ ಹಾಕಿದ್ದಿ?"

ಧರಣೇಂದ್ರನ ಮುಖ ಬಿಳಿಚಿತು. ಜಿನ್ನಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗೋಡೆ ಹಿಡಿದು ನಗತೊಡಗಿದಳು. "ಲಗೂ ಆಗಲಿ ಅಂತ ದೊಡ್ಡ ಉರಿ ಹಾಕಿದ್ನಿ, ಮಾರಾಯ್ತಿ!" ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಅಂತ ಹೇಳುವುದು ಕಷ್ಟ. ಇವರಂತೂ ಕಣ್ಣೀರು ಒರೆಸಿಕೊಂಡರು.

ಪಡಸಾಲೆಯ ಜಮಖಾನೆಯನ್ನೇ ಎತ್ತಿ ಹಿಡಿದೆವು. ಮೂಡಲಗಿಯ ಹೆಂಗಸರೂ ಗೋಕಾಕದ ಹೆಂಗಸರೂ ಸರದಿಯ ಮೇಲೆ ಒಳಗೆ ಹೊಕ್ಕು ಆ ಮುದ್ದೆಯ ಚೂರು ಒಡೆದು ನೋಡಿದರು. ಅಷ್ಟು ಕುರೂಪವಾಗಿದ್ದರೂ, ಎಲ್ಲಾದರೂ ಒಂದು ಮೂಲೆಯಲ್ಲಿ ಬೆಳಗುತ್ತಲೇ ಇತ್ತು. ಒಳಗಿಂದ "ಅಯ್ಯ!" "ಅವ್ವಯ್ಯ!" ಅನ್ನುವ ಕೂಗು. ಪದ್ಮಿಯೂ ಧರಣೇಂದ್ರನೂ ಒಮ್ಮೆ ಹೊಕ್ಕರು. ಅವರು ಹೊರಗೆ ಬರಲು ತಡವಾದದ್ದನ್ನು ನಾನು ಮಾತ್ರ ಗಮನಿಸಿದೆ ಅಂದುಕೊಂಡಿದ್ದೆ, ಜಿನ್ನಕ್ಕ ಮೊಳಕೈಯಿಂದ ತಿವಿದಳು.

ಪದ್ಮಿ ಏನು ಉಟ್ಟಿದ್ದಳು ಅಂತ ಬರೆಯುವುದೇ ಮರೆತೆ. ಹಸಿರು ಇಳಕಲ್ಲು.

ಎಲ್ಲರದೂ ಆದ ಮೇಲೆ ಜಿನ್ನಕ್ಕ ಒಂದು ಚೂರು ಮುರಿದು ನನ್ನ ಬಾಯಿಗಿಟ್ಟಳು. ಹೊರಗೆ, ಬಿಸಿಲಿನಲ್ಲಿ, ಎಲ್ಲರ ಎದುರಿಗೆ. ಸುಟ್ಟ ವಾಸನೆ, ಹಲ್ಲಿಗೆ ಅಂಟು, ನಾಲಿಗೆಗೆ ನೂಲು. ಇಷ್ಟು ಕೆಟ್ಟ ಕಲ್ಲುಸಕ್ಕರೆ ನಾನು ಜೀವಮಾನದಲ್ಲಿ ತಿಂದಿರಲಿಲ್ಲ. ಇನ್ನೊಂದು ಚೂರು ಕೇಳಿ ಇಸಿದುಕೊಂಡೆ.